ಶಾಲೆಗೆ ಬಂದ ಲಿನಕ್ಸ್: ಮೆಕ್ಸಿಕೊ ಎಡವಿದಲ್ಲಿ ಕೇರಳ ನಿಂತದ್ದು ಹೇಗೆ?

ಹಣ ಕೊಡದೆ ಸಿಗುವ ತಂತ್ರಾಂಶವೊಂದು ಇರುವಾಗ ಸರ್ಕಾರಿ ಶಾಲೆಗಳು ಅದನ್ನೇ ಏಕೆ ಬಳಸಬಾರದು? ಈ ಪ್ರಶ್ನೆಯನ್ನು ದೊಡ್ಡ ಪ್ರಮಾಣದಲ್ಲಿ ಕೇಳಿಕೊಂಡ ಮೊದಲ ದೇಶಗಳಲ್ಲಿ ಮೆಕ್ಸಿಕೊ ಒಂದು. ಸುಮಾರು 1,40,000 ಶಾಲೆಗಳ ಕಂಪ್ಯೂಟರ್ ಕೊಠಡಿಗಳಿಗೆ ಲಿನಕ್ಸ್ ಅಳವಡಿಸುವ ಯೋಜನೆ ಅಲ್ಲಿ 1998ರಲ್ಲಿ ಪ್ರಕಟವಾಯಿತು. ಪರವಾನಗಿ ಶುಲ್ಕದಲ್ಲಿ ಉಳಿಯುವ ಕೋಟಿಗಟ್ಟಲೆ ಡಾಲರ್‌ಗಳ ಲೆಕ್ಕವೂ ಜತೆಗೇ ಬಂತು. ಲೆಕ್ಕವೇನೋ ಸರಿಯಾಗಿಯೇ ಇತ್ತು. ಆದರೆ ಶಾಲೆಗಳಲ್ಲಿದ್ದ ಮೋಡೆಮ್‌ಗಳು ಹೊಸ ವ್ಯವಸ್ಥೆಗೆ ಒಗ್ಗಲಿಲ್ಲ, ಶಿಕ್ಷಕರಿಗೆ ಅದು ಅಪರಿಚಿತವಾಗಿತ್ತು, ಕೆಟ್ಟರೆ ಕೇಳಲು ಊರಿನಲ್ಲಿ ಯಾರೂ ಇರಲಿಲ್ಲ. ಕೆಲವೇ ಶಾಲೆಗಳನ್ನು ಮುಟ್ಟಿ ಯೋಜನೆ ಸೊರಗಿತು.

ಲಿನಕ್ಸ್ ಎಂದರೇನು ಎಂದು ಇಲ್ಲಿ ಎರಡು ಮಾತು ಹೇಳಬೇಕು. ಕಂಪ್ಯೂಟರಿನ ಒಡಲನ್ನು ನಡೆಸುವ ಮೂಲ ತಂತ್ರಾಂಶಕ್ಕೆ ಕಾರ್ಯಾಚರಣೆ ವ್ಯವಸ್ಥೆ ಎನ್ನುತ್ತಾರೆ. ಯಾರು ಬೇಕಾದರೂ ನೋಡಬಹುದಾದ, ತಿದ್ದಬಹುದಾದ, ಹಂಚಬಹುದಾದ ಇಂಥ ವ್ಯವಸ್ಥೆಗಾಗಿ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ 'ಗ್ನು' ಯೋಜನೆಯನ್ನು ಘೋಷಿಸಿದರು. ಅದಕ್ಕೆ ಬೇಕಿದ್ದ ತಿರುಳನ್ನು 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಬರೆದರು. ಶಾಲೆಯ ಮಟ್ಟಿಗೆ ಇದರ ಅರ್ಥ ಇಷ್ಟು: ಒಂದೇ ಸಿ.ಡಿ.ಯನ್ನು ಹತ್ತು ಯಂತ್ರಕ್ಕೂ ಹಾಕಬಹುದು, ಹತ್ತು ಸಾವಿರ ಯಂತ್ರಕ್ಕೂ ಹಾಕಬಹುದು. ಅದು ಕಳವೂ ಅಲ್ಲ, ಸಾಲವೂ ಅಲ್ಲ.

ಇನ್ನು ನೆರೆಯ ಕೇರಳಕ್ಕೆ ಬರೋಣ. ಅಲ್ಲಿನ 'ಐಟಿ ಅಟ್ ಸ್ಕೂಲ್' ಯೋಜನೆ ಆರಂಭವಾದದ್ದು 2001ರಲ್ಲಿ. ಅದರ ಸ್ವರೂಪವನ್ನು ಸೂಚಿಸಿದ ಕಾರ್ಯಪಡೆಯ ಮುಖ್ಯಸ್ಥರು ಕನ್ನಡಿಗರೇ ಆದ, ಉಡುಪಿ ಬಳಿಯ ಅದಮಾರಿನ ಪ್ರೊ. ಯು.ಆರ್. ರಾವ್. ಉಪಗ್ರಹ ವಿಜ್ಞಾನಿಯೆಂದೇ ಅವರನ್ನು ನೆನೆಯುವವರಿಗೆ ಈ ಸಂಗತಿ ಹೊಸದೆನಿಸಬಹುದು. ಮೊದಲ ಪಠ್ಯಗಳೆಲ್ಲ ಮೈಕ್ರೊಸಾಫ್ಟ್‌ನ ವಿಂಡೋಸ್‌ಗೇ ಕಟ್ಟುಬಿದ್ದಿದ್ದವು. ಸರ್ಕಾರಿ ಶಾಲೆಯ ಪಠ್ಯ ಒಂದು ಕಂಪೆನಿಯ ಸರಕಿನ ಕೈಪಿಡಿ ಆಗಬೇಕೆ ಎಂದು ಶಿಕ್ಷಕರ ಸಂಘಟನೆಯೇ ತಕರಾರು ತೆಗೆಯಿತು. ಅದೇ 2001ರ ಜುಲೈನಲ್ಲಿ ಸ್ಟಾಲ್‌ಮನ್ ತಿರುವನಂತಪುರಕ್ಕೆ ಬಂದು ಸ್ವತಂತ್ರ ತಂತ್ರಾಂಶ ಪ್ರತಿಷ್ಠಾನದ ಭಾರತ ಶಾಖೆಯನ್ನು ಉದ್ಘಾಟಿಸಿದ್ದರು. ತಿರುವನಂತಪುರ, ಕೊಚ್ಚಿಗಳಲ್ಲಿ ಲಿನಕ್ಸ್ ಬಳಕೆದಾರರ ಬಳಗಗಳು ಕೆಲಸ ಮಾಡುತ್ತಿದ್ದವು. ಹೀಗಾಗಿ ಶಿಕ್ಷಕರ ತಕರಾರಿಗೆ ತಂತ್ರಜ್ಞರ ಬೆಂಬಲ ಸಿಕ್ಕಿತು. ಲಿನಕ್ಸ್ ಮೊದಲು ಐಚ್ಛಿಕವಾಗಿ ಒಳಗೆ ಬಂತು.

ಈ ಬಳಗದವರು ನಡೆಸುತ್ತಿದ್ದ 'ಇನ್‌ಸ್ಟಾಲ್ ಫೆಸ್ಟ್' ಎಂಬುದು ಒಂದು ಬಗೆಯ ಶ್ರಮದಾನ. ಎಂಜಿನಿಯರಿಂಗ್ ವಿದ್ಯಾರ್ಥಿಗಳು, ರಜೆಯಲ್ಲಿದ್ದ ಎಂಜಿನಿಯರುಗಳು ಸಿ.ಡಿ. ಹಿಡಿದು ಸೇರುತ್ತಿದ್ದರು. ಹಾರ್ಡ್ ಡಿಸ್ಕನ್ನು ಭಾಗ ಮಾಡುವುದು, ಹಳೆಯ ವ್ಯವಸ್ಥೆಯನ್ನು ಅಳಿಸದೆ ಹೊಸದನ್ನು ಪಕ್ಕದಲ್ಲಿ ಕೂರಿಸುವುದು, ಪ್ರಿಂಟರು ಒಪ್ಪದಿದ್ದರೆ ಒಪ್ಪಿಸುವುದು ಅವರ ಕೆಲಸ. ಪರದೆಯ ಮೇಲೆ ಮಲಯಾಳಂ ಒತ್ತಕ್ಷರ ಸರಿಯಾಗಿ ಮೂಡುವಂತೆ ಮಾಡುವುದಂತೂ ಬೇರೆಯೇ ಒಂದು ಹೋರಾಟ. ಅದಕ್ಕೆಂದೇ 'ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್' ಎಂಬ ಸ್ವಯಂಸೇವಕರ ಬಳಗ ಹುಟ್ಟಿತು.

ಆದರೆ ಸ್ವಯಂಸೇವಕ ಸಂಜೆಗೆ ಮನೆಗೆ ಹೋಗುತ್ತಾನೆ. ಸೋಮವಾರ ಬೆಳಿಗ್ಗೆ ಯಂತ್ರ ಏಳದಿದ್ದರೆ? ಮೆಕ್ಸಿಕೊ ಎಡವಿದ್ದು ಇಲ್ಲಿಯೇ. ಕೇರಳ ಶಿಕ್ಷಕರನ್ನೇ ಆರಿಸಿ 'ಮಾಸ್ಟರ್ ಟ್ರೇನರ್'ಗಳನ್ನಾಗಿ ತಯಾರು ಮಾಡಿತು. ಪ್ರತಿ ಪ್ರೌಢಶಾಲೆಯಲ್ಲಿ ಒಬ್ಬ ಶಿಕ್ಷಕರಿಗೆ ಕಂಪ್ಯೂಟರ್ ಕೊಠಡಿಯ ಹೊಣೆ ಒಪ್ಪಿಸಿತು. ಗಣಿತದ ಮೇಷ್ಟ್ರು, ಹಿಂದಿ ಟೀಚರು ಹೀಗೆ ಯಾರಾದರೂ ಆಗಬಹುದಿತ್ತು. ಮುಂದೆ ಮಕ್ಕಳಲ್ಲೇ ಸಂಯೋಜಕರನ್ನು ನೇಮಿಸಿ, ಕೆಟ್ಟ ಯಂತ್ರಗಳನ್ನು ಒಂದೆಡೆ ತಂದು ದುರಸ್ತಿ ಮಾಡುವ 'ಹಾರ್ಡ್‌ವೇರ್ ಕ್ಲಿನಿಕ್'ಗಳನ್ನೂ ನಡೆಸಲಾಯಿತು. ಡೆಬಿಯನ್, ಬಳಿಕ ಉಬುಂಟು ಆಧರಿಸಿ ಶಾಲೆಗೆಂದೇ ಸ್ವಂತ ಆವೃತ್ತಿ ಸಿದ್ಧವಾಯಿತು. ರೇಖಾಗಣಿತಕ್ಕೆ ಜಿಯೋಜೀಬ್ರಾ, ಮೂಲಧಾತುಗಳಿಗೆ ಕಾಲ್ಸಿಯಂ, ನಕ್ಷತ್ರ ನೋಡಲು ಸ್ಟೆಲೇರಿಯಂ ಅದರೊಳಗೇ ಇದ್ದವು. 2008ರ ಎಸ್ಸೆಸ್ಸೆಲ್ಸಿ ಐಟಿ ಪರೀಕ್ಷೆ ಪೂರ್ತಿಯಾಗಿ ಸ್ವತಂತ್ರ ತಂತ್ರಾಂಶದ ಮೇಲೆ ನಡೆಯಿತು. ಪರೀಕ್ಷೆಯೇ ಬದಲಾದ ಮೇಲೆ ಹಿಂದೆ ಸರಿಯುವ ದಾರಿ ಮುಚ್ಚಿತು ಎನ್ನಬಹುದು. 2017ರಲ್ಲಿ ಯೋಜನೆ 'ಕೈಟ್' ಎಂಬ ಸರ್ಕಾರಿ ಕಂಪೆನಿಯಾಯಿತು. 2018ರಲ್ಲಿ 'ಲಿಟ್ಲ್ ಕೈಟ್ಸ್' ಎಂಬ ವಿದ್ಯಾರ್ಥಿ ಸಂಘಗಳೂ ಬಂದವು.

ಅದೇ ಹೊತ್ತಿಗೆ ಕರ್ನಾಟಕ ಹಿಡಿದದ್ದು ಬೇರೆ ದಾರಿ. ಇಲ್ಲಿನ 'ಮಾಹಿತಿ ಸಿಂಧು' ಯೋಜನೆಯಲ್ಲಿ ಸುಮಾರು ಒಂದು ಸಾವಿರ ಪ್ರೌಢಶಾಲೆಗಳ ಕಂಪ್ಯೂಟರ್ ಶಿಕ್ಷಣವನ್ನು ಖಾಸಗಿ ಸಂಸ್ಥೆಗಳಿಗೆ ಗುತ್ತಿಗೆ ಕೊಡಲಾಗಿತ್ತು. ಪಾಠ ಹೇಳುವವರು ಹೊರಗಿನವರಾದಾಗ ಗುತ್ತಿಗೆ ಮುಗಿದೊಡನೆ ಅವರ ವಿದ್ಯೆಯೂ ಅವರೊಂದಿಗೇ ಹೋಗುತ್ತದೆ. ಶಿಕ್ಷಕರಿಗೇ ಸ್ವತಂತ್ರ ತಂತ್ರಾಂಶ ಕಲಿಸುವ ಪ್ರಯತ್ನ ನಮ್ಮಲ್ಲೂ ಆಯಿತು, ಆದರೆ ತಡವಾಗಿ. ಬೆಂಗಳೂರಿನ ಕೊಳೆಗೇರಿಯೊಂದರಲ್ಲಿ ಸ್ವತಂತ್ರ ತಂತ್ರಾಂಶ ಚಳವಳಿಯ ಯುವಕರು ಅಂಬೇಡ್ಕರ್ ಹೆಸರಿನ ಕಂಪ್ಯೂಟರ್ ಕೇಂದ್ರ ತೆರೆದು ಮಕ್ಕಳಿಗೆ ಕಲಿಸಿದ್ದು ಮೆಚ್ಚತಕ್ಕದ್ದೇ. ಆದರೆ ಒಂದು ಕೇಂದ್ರ ಒಂದು ಇಲಾಖೆಯಾಗಲಾರದು.

ಕನ್ನಡಕ್ಕೂ ಕೇರಳದ ಈ ಕಥೆಗೂ ನೇರ ನಂಟು ಇರುವುದು ಕಾಸರಗೋಡಿನಲ್ಲಿ. ಕೇರಳದ ಆಡಳಿತಕ್ಕೆ ಸೇರಿದ ಅಲ್ಲಿನ ಕನ್ನಡ ಮಾಧ್ಯಮ ಶಾಲೆಗಳಿಗೂ ಲಿನಕ್ಸೇ ಬಂತು. ಗಡಿಯ ಈಚೆ ಆಗ ನಡೆಯುತ್ತಿದ್ದದ್ದು ವಿಂಡೋಸ್‌ನಲ್ಲಿ ಓಡುವ 'ನುಡಿ', 'ಬರಹ'ಗಳ ಆಳ್ವಿಕೆ. ಹಳೆಯ ನುಡಿಯಲ್ಲಿ ಬೆರಳಚ್ಚು ಮಾಡಿದ ಕಡತವನ್ನು ಯುನಿಕೋಡ್ ನಂಬಿದ ಲಿನಕ್ಸ್ ಯಂತ್ರದಲ್ಲಿ ತೆರೆದರೆ ಕಾಣುತ್ತಿದ್ದದ್ದು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ಮಂಗಳೂರಿನಿಂದ ಬಂದ ಕನ್ನಡ ಕಡತ ಮಂಜೇಶ್ವರದ ಶಾಲೆಯಲ್ಲಿ ಓದಲು ಬಾರದಿದ್ದರೆ ಆಶ್ಚರ್ಯವೇನಿಲ್ಲ. ಕೇರಳದ ಐಟಿ ಪಠ್ಯಪುಸ್ತಕಗಳು ಮಲಯಾಳಂ, ಇಂಗ್ಲಿಷ್, ತಮಿಳಿನ ಜತೆಗೆ ಕನ್ನಡದಲ್ಲೂ ಅಚ್ಚಾಗುತ್ತವೆ. ಪ್ರಾಯೋಗಿಕ ಪರೀಕ್ಷೆಯ ಪ್ರಶ್ನೆಗಳನ್ನು ಪರದೆಯ ಮೇಲೆ ಕನ್ನಡದಲ್ಲೇ ಓದಿ ಉತ್ತರಿಸಲೂ ಬರುತ್ತದೆ.