ಕಾರಿನ ಧ್ವನಿವರ್ಧಕ: ಶಂಕುವಿನ ಹಿಂದಿನ ಕಥೆ

ಚಳ್ಳಕೆರೆಯಿಂದ ಮೊಳಕಾಲ್ಮುರಿಗೆ ಕಾರಿನಲ್ಲಿ ಹೊರಟವರು ಹಾಡು ಹಾಕಿದ್ದಾರೆ ಎನ್ನೋಣ. ಊರೊಳಗೆ ಹಾಡು ಚೆನ್ನಾಗಿಯೇ ಕೇಳುತ್ತದೆ. ಹೆದ್ದಾರಿಯಲ್ಲಿ ವೇಗ ಹೆಚ್ಚಿದಂತೆ ಟೈರು, ಎಂಜಿನ್‌ಗಳ ಗುಂಯ್‌ಗುಡುವಿಕೆ ತಬಲಾದ ಡಗ್ಗಾವನ್ನು ನುಂಗಿಬಿಡುತ್ತದೆ. ಈ ಸದ್ದಿನಲ್ಲಿ ಕಡಿಮೆ ಆವೃತ್ತಿಯ ಕಂಪನಗಳೇ ಹೆಚ್ಚು. ಆದ್ದರಿಂದ ಮೊದಲು ಮರೆಯಾಗುವುದು ಮಂದ್ರ ಸ್ವರ. ಆಗ ಹಲವರು ದುಬಾರಿ ಸ್ಪೀಕರ್ ಹಾಕಿಸುತ್ತಾರೆ. ಆದರೂ ಡಗ್ಗಾ ಮರಳದಿದ್ದರೆ? ಧ್ವನಿವರ್ಧಕದ ಇತಿಹಾಸದಲ್ಲಿ ಇದಕ್ಕೆ ಉತ್ತರವಿದೆ.

ಕಾಂತಕ್ಷೇತ್ರದಲ್ಲಿಟ್ಟ ತಂತಿಯ ಸುರುಳಿಯಲ್ಲಿ ಪರ್ಯಾಯ ವಿದ್ಯುತ್ ಹರಿದಾಗ ಸುರುಳಿ ಹಿಂದೆ ಮುಂದೆ ಕಂಪಿಸುತ್ತದೆ. ಈ ತತ್ತ್ವವನ್ನು ಬಳಸಿದ ಸಾಧನಕ್ಕೆ ಬ್ರಿಟನ್ನಿನ ಭೌತವಿಜ್ಞಾನಿ ಆಲಿವರ್ ಲಾಜ್ 1898ರಲ್ಲಿ ಪೇಟೆಂಟ್ ಪಡೆದರು. 1915ರಲ್ಲಿ ಪೀಟರ್ ಜೆನ್ಸನ್ ಮತ್ತು ಎಡ್ವಿನ್ ಪ್ರಿಡಮ್ ಇಂಥ ಸಾಧನಕ್ಕೆ ಕಹಳೆ ಜೋಡಿಸಿ ಸ್ಯಾನ್ ಫ್ರಾನ್ಸಿಸ್ಕೊದ ಜನರಿಗೆ ಸಂಗೀತ ಕೇಳಿಸಿದರು. ನಮ್ಮಲ್ಲಿ ಜಾತ್ರೆ, ಚುನಾವಣೆಗಳ ಪ್ರಚಾರ ವಾಹನಗಳ ಮೇಲೆ ಕಾಣುವ ಮೈಕಿನ ಕಹಳೆ ಇದೇ ವಂಶದ್ದು. ಅದರಲ್ಲಿ ಮಾತು ದೂರ ಹೋಗುತ್ತದೆ, ಮಂದ್ರ ಸ್ವರ ಮಾತ್ರ ಹೊರಡದು.

ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ 1925ರಲ್ಲಿ ಕಹಳೆಯನ್ನು ಕೈಬಿಟ್ಟು, ಕಾಗದದ ಶಂಕುವೇ ನೇರವಾಗಿ ಗಾಳಿಯನ್ನು ತಳ್ಳುವ ಧ್ವನಿವರ್ಧಕವನ್ನು ಪ್ರಕಟಿಸಿದರು. ಇಂದಿಗೂ ಹೆಚ್ಚಿನ ಸ್ಪೀಕರ್‌ಗಳ ವಿನ್ಯಾಸ ಇದೇ. ಶಂಕು ಮುಂದೆ ಚಲಿಸಿದಾಗ ಎದುರಿನ ಗಾಳಿ ಒತ್ತಲ್ಪಡುತ್ತದೆ. ಅದೇ ಕ್ಷಣ ಹಿಂದಿನ ಗಾಳಿ ವಿರಳವಾಗುತ್ತದೆ. 100 ಹರ್ಟ್ಸ್ ಸ್ವರದ ತರಂಗದೂರ ಸುಮಾರು 3.4 ಮೀಟರ್. ಅದರ ಮುಂದೆ 16 ಸೆಂಟಿಮೀಟರ್ ಅಗಲದ ಶಂಕು ತೀರಾ ಚಿಕ್ಕದು. ಹೀಗಾಗಿ ಹಿಂದಿನ ಅಲೆ ಅಂಚನ್ನು ಸುತ್ತಿ ಬಂದು ಮುಂದಿನ ಅಲೆಯನ್ನು ಬಹುಪಾಲು ಅಳಿಸಿಹಾಕುತ್ತದೆ. ಎರಡನ್ನೂ ಬೇರ್ಪಡಿಸಲು ಹಲಗೆ ಅಥವಾ ಪೆಟ್ಟಿಗೆ ಬೇಕೇ ಬೇಕು.

1930ರಲ್ಲಿ ಷಿಕಾಗೊದ ಗ್ಯಾಲ್ವಿನ್ ಸಹೋದರರು 'ಮೋಟರೋಲಾ' ಎಂಬ ಕಾರ್ ರೇಡಿಯೊ ತಂದರು. 1955ರಲ್ಲಿ ಕ್ರೈಸ್ಲರ್ ಕಾರುಗಳಿಗೆ ಪೂರ್ಣ ಟ್ರಾನ್ಸಿಸ್ಟರ್ ರೇಡಿಯೊ ಬಂದಿತು. ನಮ್ಮ ಅಂಬಾಸಿಡರ್, ಪದ್ಮಿನಿ ಕಾರುಗಳಲ್ಲಿ ಹಿಂದಿನ ಗಾಜಿನ ಕೆಳಗಿನ ಹಲಗೆಗೆ ಸ್ಪೀಕರ್ ಕೂರಿಸುವುದು ರೂಢಿಯಾಗಿತ್ತು. ಅದರಿಂದ ಡಿಕ್ಕಿಯೇ ಪೆಟ್ಟಿಗೆಯಾಯಿತು! 1961ರಲ್ಲಿ ಆಸ್ಟ್ರೇಲಿಯದ ನೆವಿಲ್ ಥೀಲ್ ಸ್ಪೀಕರ್‌ಗೆ ಎಂಥ ಪೆಟ್ಟಿಗೆ ಒಪ್ಪುತ್ತದೆ ಎಂಬ ಲೆಕ್ಕಾಚಾರವನ್ನು ಪ್ರಕಟಿಸಿದರು. 1970ರ ದಶಕದಲ್ಲಿ ರಿಚರ್ಡ್ ಸ್ಮಾಲ್ ಅದನ್ನು ವಿಸ್ತರಿಸಿದರು.

ಇಂದಿನ ಕಾರಿನಲ್ಲಿ ಬಾಗಿಲೇ ಪೆಟ್ಟಿಗೆ. ಅದರ ಒಳ ತಗಡಿನಲ್ಲಿ ದುರಸ್ತಿಗಾಗಿ ಬಿಟ್ಟ ದೊಡ್ಡ ರಂಧ್ರಗಳಿರುತ್ತವೆ. ಅವುಗಳನ್ನು ಭದ್ರವಾಗಿ ಮುಚ್ಚದೆ ಸ್ಪೀಕರ್ ಬದಲಿಸಿದರೆ ರೈಸ್ ಮತ್ತು ಕೆಲಾಗ್ ಕಂಡ ಸಮಸ್ಯೆಯೇ ಮರುಕಳಿಸುತ್ತದೆ. (ಬಾಗಿಲಿನ ತಳದಲ್ಲಿ ಮಳೆನೀರು ಹರಿಯುವ ತೂತುಗಳನ್ನು ಮಾತ್ರ ಮುಚ್ಚಬಾರದು.) ಒಂದು ಬದಿಯ ಸ್ಪೀಕರ್‌ಗೆ ಧನ, ಋಣ ತಂತಿಗಳನ್ನು ಅದಲುಬದಲು ಜೋಡಿಸಿದರೂ ಎಡಬಲಗಳ ಮಂದ್ರ ಸ್ವರಗಳು ಪರಸ್ಪರ ಅಳಿಯುತ್ತವೆ.

ಇನ್ನು ಡಬ್ಬದ ಮೇಲಿನ ವ್ಯಾಟ್. ಎಂಜಿನ್ ಓಡುವಾಗ ಕಾರಿನಲ್ಲಿ ದೊರೆಯುವುದು ಸುಮಾರು 14.4 ವೋಲ್ಟ್, ಸ್ಪೀಕರಿನ ರೋಧ ಸಾಮಾನ್ಯವಾಗಿ 4 ಓಮ್. ವೋಲ್ಟಿನ ವರ್ಗವನ್ನು ರೋಧದಿಂದ ಭಾಗಿಸಿದರೆ 52 ವ್ಯಾಟ್. ಸೆಟ್ಟುಗಳ ಮೇಲೆ ಬರೆದಿರುವ '50 ವ್ಯಾಟ್' ಇದಕ್ಕೆ ಹತ್ತಿರವಷ್ಟೆ. ಆದರೆ ಇದು ಕರ್ಕಶವಾದ ಚೌಕ ತರಂಗದ ಲೆಕ್ಕ. ಶುದ್ಧ ಸ್ವರಕ್ಕೆ ಇದರ ಅರ್ಧ, ಅಂದರೆ 26 ವ್ಯಾಟ್. ನಷ್ಟಗಳನ್ನು ಕಳೆದರೆ ಇನ್ನೂ ಕಡಿಮೆ. ಸಾಮರ್ಥ್ಯ ಇಮ್ಮಡಿಯಾದರೂ ಏರುವುದು 3 ಡೆಸಿಬೆಲ್ ಮಾತ್ರ. ಒಂದು ವ್ಯಾಟಿಗೆ 87 ಡೆಸಿಬೆಲ್ ಕೊಡುವ ಸ್ಪೀಕರ್ ಬದಲು 90 ಕೊಡುವುದನ್ನು ಆರಿಸಿದರೆ ಅದೇ ಲಾಭ ದೊರೆಯುತ್ತದೆ.

ಗುಂಡಿ ತಿರುಗಿಸಿ ಸದ್ದು ಏರಿಸುವುದು ಸುಲಭ. ಅದರ ಬೆಲೆ ತೆರುವುದು ಕಿವಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರು 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. ಪ್ರತಿ 3 ಡೆಸಿಬೆಲ್ ಏರಿಕೆಗೆ ಈ ಅವಧಿ ಅರ್ಧವಾಗುತ್ತದೆ. 92 ಡೆಸಿಬೆಲ್‌ಗೆ ಉಳಿಯುವುದು ವಾರಕ್ಕೆ ಎರಡೂವರೆ ಗಂಟೆ! ನಿತ್ಯ ಬಾಡಿಗೆಗೆ ಓಡುವ ಚಾಲಕರು ಇದನ್ನು ಗಮನಿಸಬೇಕು. ಒಳಗಿನ ಕಿವಿಯ ರೋಮಕೋಶಗಳು ಒಮ್ಮೆ ನಾಶವಾದರೆ ಮತ್ತೆ ಬೆಳೆಯುವುದಿಲ್ಲ.

ಶಿಕ್ಷಕರು ತರಗತಿಯಲ್ಲಿ ಒಂದು ಪ್ರಯೋಗ ಮಾಡಿಸಬಹುದು. ಹಳೆಯ ರೇಡಿಯೊದಿಂದ ಬಿಚ್ಚಿದ ಸ್ಪೀಕರ್ ಅನ್ನು ಪುಟ್ಟ ಆಂಪ್ಲಿಫೈಯರಿಗೆ ಜೋಡಿಸಿ, ಕೈಯಲ್ಲಿ ಹಿಡಿದು ಹಾಡು ಕೇಳಿಸಿ. ಅನಂತರ ದಪ್ಪ ರಟ್ಟಿನ ನಡುವೆ ಶಂಕುವಿನ ಅಳತೆಯ ರಂಧ್ರ ಕೊರೆದು, ಸ್ಪೀಕರ್ ಅನ್ನು ಅದಕ್ಕೆ ಬಿಗಿಯಾಗಿ ಒತ್ತಿಹಿಡಿಯಿರಿ. ಡಗ್ಗಾದ ದನಿ ಥಟ್ಟನೆ ತುಂಬಿಕೊಳ್ಳುತ್ತದೆ. ವಿದ್ಯುತ್ ಒಂದಿಷ್ಟೂ ಹೆಚ್ಚಿಲ್ಲ, ಸ್ಪೀಕರೂ ಬದಲಾಗಿಲ್ಲ. ಏಕೆ ಹೀಗಾಯಿತು ಎಂದು ಮಕ್ಕಳನ್ನೇ ಕೇಳಿ.