ಬಳ್ಳಿಯ ಗುರುತು

1958ರಲ್ಲಿ ಬಸ್ಸಿನಲ್ಲಿ ಕ್ಯಾಲಿಫೋರ್ನಿಯಾದ ನಾಪಾ ಕಣಿವೆಗೆ ಬಂದಿಳಿದ ಮಿಲ್ಯೆಂಕೊ ಗರ್ಗಿಚ್ ಅವರಿಗೆ ಊರು ಹೊಸದು, ಭಾಷೆ ಹೊಸದು. ಹಳೆಯ ಪರಿಚಯವೆಂದು ಕಂಡದ್ದು ಒಂದು ದ್ರಾಕ್ಷಿ ಬಳ್ಳಿ. ಅಲ್ಲಿಯವರು ಅದನ್ನು ಜಿನ್‌ಫಂಡೆಲ್ ಅನ್ನುತ್ತಿದ್ದರು. ಗರ್ಗಿಚ್ ಕಣ್ಣಿಗೆ ಮಾತ್ರ ಅದು ತಮ್ಮೂರಿನ ಪ್ಲಾವಾಟ್ಸ್ ಮಾಲಿ ಎಂಬ ಕಪ್ಪು ದ್ರಾಕ್ಷಿಯ ಹಾಗೆಯೇ ಕಂಡಿತು.

ಅವರು ಹುಟ್ಟಿದ್ದು 1923ರ ಏಪ್ರಿಲ್ 1ರಂದು, ಕ್ರೊಯೇಷಿಯಾದ ದೆಸ್ನೆ ಎಂಬ ಹಳ್ಳಿಯಲ್ಲಿ. ಹನ್ನೊಂದು ಮಕ್ಕಳಲ್ಲಿ ಕಿರಿಯವರು. ಎರಡೂವರೆ ವರ್ಷಕ್ಕೆ ಎದೆಹಾಲು ಬಿಡಿಸಿ, ನೀರು ಬೆರೆಸಿದ ವೈನ್ ಕುಡಿಸಿದರಂತೆ. ನಮ್ಮ ಅಜ್ಜಿಯರು ಕೇಳಿದ್ದರೆ ಹೌಹಾರುತ್ತಿದ್ದರು. ಆ ಸೀಮೆಯಲ್ಲಿ ಅದು ಮನೆಮನೆಯ ರೂಢಿ. ಮೂರನೇ ವಯಸ್ಸಿಗೆ ಮಗು ತೊಟ್ಟಿಗಿಳಿದು ದ್ರಾಕ್ಷಿ ತುಳಿಯುತ್ತಿತ್ತು.

ಮುಂದೆ ಜಾಗ್ರೆಬ್ ವಿಶ್ವವಿದ್ಯಾಲಯದಲ್ಲಿ ದ್ರಾಕ್ಷಿ ಬೇಸಾಯ, ವೈನ್ ತಯಾರಿಕೆಯ ಓದು. 1954ರಲ್ಲಿ ಶೂಗಳ ಅಟ್ಟೆಯಡಿ 32 ಡಾಲರ್ ಬಚ್ಚಿಟ್ಟುಕೊಂಡು, ರಟ್ಟಿನ ಸೂಟ್‌ಕೇಸ್ ಹಿಡಿದು ಕಮ್ಯುನಿಸ್ಟ್ ಯುಗೊಸ್ಲಾವಿಯಾ ಬಿಟ್ಟರು. ಪಶ್ಚಿಮ ಜರ್ಮನಿ, ಆಮೇಲೆ ಕೆನಡಾ. ನಾಪಾದಲ್ಲಿ ಮೊದಲು ಲೀ ಸ್ಟುವರ್ಟ್ ಅವರ ಸೌವರೆನ್ ವೈನರಿಯಲ್ಲಿ ಕೆಲಸ, ನಂತರ ಬೊಲಿಯೂ ವೈನರಿಯಲ್ಲಿ ಆಂಡ್ರೆ ಚೆಲಿಶ್ಚೆಫ್ ಎಂಬ ಮೇರು ಗುರುವಿನ ಕೈಕೆಳಗೆ ಒಂಬತ್ತು ವರ್ಷ. 1968ರಲ್ಲಿ ರಾಬರ್ಟ್ ಮೊಂಡಾವಿ, 1972ರಲ್ಲಿ ಶಾತೊ ಮೊಂಟೆಲೀನಾ. ಹತ್ತೊಂಬತ್ತು ವರ್ಷ ದುಡಿದದ್ದೆಲ್ಲ ಬೇರೆಯವರ ಹೆಸರಿನ ಬಾಟಲಿಗೆ.

ಅಂಥದ್ದೇ ಒಂದು ಬಾಟಲಿ ಪ್ಯಾರಿಸ್‌ಗೆ ಹೋಯಿತು. 1976ರ ಮೇ 24ರಂದು ಸ್ಟೀವನ್ ಸ್ಪರಿಯರ್ ಎಂಬ ಇಂಗ್ಲಿಷ್ ವ್ಯಾಪಾರಿ ಹೆಸರು ಮುಚ್ಚಿಟ್ಟ ವೈನ್‌ಗಳನ್ನು ಒಂಬತ್ತು ಮಂದಿ ಫ್ರೆಂಚ್ ಪರಿಣತರಿಂದ ತೂಗಿಸಿದರು. ಬಿಳಿ ವೈನ್‌ಗಳಲ್ಲಿ ಕ್ಯಾಲಿಫೋರ್ನಿಯಾದವು ಆರು, ಫ್ರಾನ್ಸಿನ ಬರ್ಗಂಡಿಯವು ನಾಲ್ಕು. 132 ಅಂಕ ಪಡೆದು ಮೊದಲು ಬಂದದ್ದು ಮೊಂಟೆಲೀನಾದ 1973ರ ಶಾರ್ಡನೆ, ಎರಡನೆಯದು 126.5 ಅಂಕದ ಬರ್ಗಂಡಿ. ಅಲ್ಲಿದ್ದ ಒಬ್ಬನೇ ಪತ್ರಕರ್ತ, ‘ಟೈಮ್’ ಪತ್ರಿಕೆಯ ಜಾರ್ಜ್ ಟೇಬರ್ ಬರೆಯದಿದ್ದರೆ ಈ ಸುದ್ದಿ ಆ ಕೋಣೆಯಲ್ಲೇ ಉಳಿಯುತ್ತಿತ್ತೇನೋ. ಗೆದ್ದ ವೈನ್‌ನ ದ್ರಾಕ್ಷಿ ಬಹುಪಾಲು ನಾಪಾದ್ದೂ ಅಲ್ಲ. ಪಕ್ಕದ ಸೊನೊಮಾದ ರೈತರಿಂದ ಕೊಂಡದ್ದು. ಈ ಕಥೆಯನ್ನೇ ಹೇಳುವ 2008ರ ‘ಬಾಟಲ್ ಶಾಕ್’ ಸಿನಿಮಾದಲ್ಲಿ ವೈನ್ ಮಾಡಿದ ಗರ್ಗಿಚ್‌ಗೆ ಹೆಚ್ಚುಕಡಿಮೆ ಜಾಗವೇ ಇಲ್ಲ. ಇದಕ್ಕಿಂತ ವಿಚಿತ್ರ ಇನ್ನೇನಿದೆ!

1977ರ ಜುಲೈ 4ರಂದು, ಅಮೆರಿಕದ ಸ್ವಾತಂತ್ರ್ಯ ದಿನದಂದೇ, ರುದರ್‌ಫರ್ಡ್‌ನಲ್ಲಿ ಗರ್ಗಿಚ್ ಹಿಲ್ಸ್ ವೈನರಿ ಹುಟ್ಟಿತು. ಹೆಸರಿನಲ್ಲಿರುವ ಹಿಲ್ಸ್ ಬೆಟ್ಟವಲ್ಲ, ಪಾಲುದಾರ: ಕಾಫಿ ವ್ಯಾಪಾರದ ಮನೆತನದ ಆಸ್ಟಿನ್ ಹಿಲ್ಸ್. ಗರ್ಗಿಚ್ ಅವರದೇ ಲೇಬಲ್ಲಿನ ಮೊದಲ ಶಾರ್ಡನೆ 1980ರಲ್ಲಿ ಶಿಕಾಗೋದಲ್ಲಿ 221 ಶಾರ್ಡನೆಗಳ ನಡುವೆ ಮೊದಲ ಸ್ಥಾನ ಪಡೆಯಿತು. ಕೊಂಡ ದ್ರಾಕ್ಷಿಯಿಂದ ಹೆಸರು ಮಾಡಿದ ಮನುಷ್ಯ ಕೊನೆಗೆ 366 ಎಕರೆ ಸ್ವಂತ ತೋಟ ಕಟ್ಟಿದರು.

ಜಿನ್‌ಫಂಡೆಲ್ ತಮ್ಮೂರಿನ ಬಳ್ಳಿಯೇ ಎಂಬ ಹಳೆಯ ಗುಮಾನಿ ಮಾತ್ರ ಬಿಟ್ಟಿರಲಿಲ್ಲ. 1998ರಲ್ಲಿ ಡೇವಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕ್ಯಾರಲ್ ಮೆರೆಡಿತ್ ಕ್ರೊಯೇಷಿಯಾಕ್ಕೆ ಹೋಗಿ, ಜಾಗ್ರೆಬ್‌ನ ಇವಾನ್ ಪೆಯಿಚ್, ಎಡಿ ಮಾಲೆಟಿಚ್ ಜೊತೆ ಬಳ್ಳಿಗಳ ಡಿಎನ್‌ಎ ಹುಡುಕಾಟ ನಡೆಸಿದರು. ಗರ್ಗಿಚ್ ಬೆಂಬಲವಾಗಿ ನಿಂತರು. ಅವರ ಊಹೆ ಸ್ವಲ್ಪ ತಪ್ಪಿತ್ತು. ಪ್ಲಾವಾಟ್ಸ್ ಮಾಲಿಯೇ ಜಿನ್‌ಫಂಡೆಲ್ ಅಲ್ಲ, ಅದರ ಮಗು. ಜಿನ್‌ಫಂಡೆಲ್‌ನ ತದ್ರೂಪು 2001ರಲ್ಲಿ ಕಡಲತೀರದ ಕಾಶ್ಟೆಲ್ ನೋವಿಯ ಹಳೆಯ ತೋಟವೊಂದರಲ್ಲಿ ಸಿಕ್ಕಿತು. ಇದ್ದದ್ದು ಬೆರಳೆಣಿಕೆಯ ಬಳ್ಳಿಗಳು. ಮಗುವಿನ ಮುಖ ನೋಡಿದ್ದವರು ತಾಯಿಯನ್ನು ಗುರುತು ಹಿಡಿದಂತಾಯಿತು.

2023ರ ಡಿಸೆಂಬರ್‌ನಲ್ಲಿ, ನೂರು ತುಂಬಿದ ಮೇಲೆ, ಗರ್ಗಿಚ್ ತೀರಿಕೊಂಡರು. ಆ ರಟ್ಟಿನ ಸೂಟ್‌ಕೇಸ್ ಈಗ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಗ್ರಹದಲ್ಲಿದೆ. ತಾಯ್ನಾಡಿನ ತ್ರ್‌ಸ್ಟೆನಿಕ್‌ನಲ್ಲಿ, ಸಮುದ್ರಕ್ಕೆ ಮುಖಮಾಡಿ 1996ರಲ್ಲಿ ಅವರು ಕಟ್ಟಿದ ವೈನರಿಯಲ್ಲಿ ಬಿಳಿಯ ಪೋಶಿಪ್, ಕೆಂಪಿನ ಪ್ಲಾವಾಟ್ಸ್ ಮಾಲಿ ವೈನ್ ತಯಾರಾಗುತ್ತವೆ.