ಪಿತ್ತನಾಳ ಕಟ್ಟಿಕೊಂಡಾಗ: ಕಾಮಾಲೆಗೆ ಎಂಡೋಸ್ಕೋಪಿ ಚಿಕಿತ್ಸೆ

ಕೆಂಪಾಪುರ (ಬೆಂಗಳೂರು): ಕಣ್ಣು ಹಳದಿಯಾದರೆ ನಮ್ಮಲ್ಲಿ ಅನೇಕರಿಗೆ ಮೊದಲು ನೆನಪಾಗುವುದು ನಾಟಿ ಔಷಧ. ನೆಲನೆಲ್ಲಿಯ ರಸ, ಉಪ್ಪು-ಎಣ್ಣೆ ಬಿಟ್ಟ ಪಥ್ಯ, ಎರಡು ವಾರಗಳ ವಿಶ್ರಾಂತಿ. ಕಲುಷಿತ ನೀರು ಹಾಗೂ ಆಹಾರದಿಂದ ಹರಡುವ ಹೆಪಟೈಟಿಸ್ ಎ ಮತ್ತು ಇ ವೈರಾಣುಗಳಿಂದ ಬಂದ ಕಾಮಾಲೆ ಬಹುಪಾಲು ಮಂದಿಯಲ್ಲಿ ಕೆಲವೇ ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಅದರ ಕೀರ್ತಿ ಔಷಧಕ್ಕೆ ಸಲ್ಲುತ್ತದೆ.

ಆದರೆ ಕಾಮಾಲೆಯಲ್ಲಿ ಇನ್ನೊಂದು ಬಗೆಯಿದೆ. ಪಿತ್ತರಸ ಹರಿಯುವ ನಾಳವೇ ಕಟ್ಟಿಕೊಂಡು ಬರುವ ಕಾಮಾಲೆ ಅದು. ಕಟ್ಟಿದ ನಾಳವನ್ನು ಯಾವ ಪಥ್ಯವೂ ತೆರೆಯಲಾರದು. ಇಲ್ಲಿ ಕಳೆದುಹೋಗುವ ದಿನಗಳು ರೋಗಿಯ ಪ್ರಾಣಕ್ಕೇ ಸಂಚಕಾರ ತರಬಲ್ಲವು.

ಹೆಬ್ಬಾಳ ಕೆರೆಯ ಸಮೀಪದಲ್ಲಿರುವ ಕೆಂಪಾಪುರದ ನಿವಾಸಿಗಳಿಗೆ ದೊಡ್ಡ ಆಸ್ಪತ್ರೆ ದೂರವಲ್ಲ. ಬಳ್ಳಾರಿ ರಸ್ತೆಯಲ್ಲಿ 1973ರಿಂದ ಬ್ಯಾಪ್ಟಿಸ್ಟ್ ಆಸ್ಪತ್ರೆಯಿದೆ. 2005ರಲ್ಲಿ ಹೆಬ್ಬಾಳದಲ್ಲಿ ಆರಂಭವಾದ ಕೊಲಂಬಿಯಾ ಏಷ್ಯಾ ಆಸ್ಪತ್ರೆ 2021ರಲ್ಲಿ ಮಣಿಪಾಲ್ ಸಮೂಹಕ್ಕೆ ಸೇರಿತು. ದೇವನಹಳ್ಳಿ, ಚಿಕ್ಕಬಳ್ಳಾಪುರ ಕಡೆಯಿಂದ ನಗರಕ್ಕೆ ಬರುವ ರೋಗಿಗಳಿಗೂ ಇದೇ ಹೆದ್ದಾರಿ. ಆದರೆ ಆಸ್ಪತ್ರೆ ಹತ್ತಿರವಿದ್ದ ಮಾತ್ರಕ್ಕೆ ಸಕಾಲದಲ್ಲಿ ಚಿಕಿತ್ಸೆ ದೊರೆಯುವುದಿಲ್ಲ. 'ಇದು ಯಾವ ಕಾಮಾಲೆ?' ಎಂಬ ಪ್ರಶ್ನೆಯನ್ನು ಮೊದಲ ದಿನವೇ ಕೇಳಬೇಕಾಗುತ್ತದೆ.

ನಾಳ ಕಟ್ಟುವುದು ಹೇಗೆ?

ಯಕೃತ್ತು ದಿನವೊಂದಕ್ಕೆ ಅರ್ಧದಿಂದ ಒಂದು ಲೀಟರ್‌ವರೆಗೆ ಪಿತ್ತರಸವನ್ನು ತಯಾರಿಸುತ್ತದೆ. ಪಿತ್ತಕೋಶ ಅದನ್ನು ಶೇಖರಿಸಿಡುತ್ತದೆ. ಕೊಬ್ಬನ್ನು ಜೀರ್ಣಿಸಲು ನೆರವಾಗುವ ಈ ರಸ, ಸುಮಾರು 6 ಮಿಲಿಮೀಟರ್ ಅಗಲದ ಮುಖ್ಯ ಪಿತ್ತನಾಳದ ಮೂಲಕ ಸಣ್ಣ ಕರುಳಿನ ಆರಂಭದ ಭಾಗಕ್ಕೆ ಬಂದು ಸೇರುತ್ತದೆ. ಮೇದೋಜ್ಜೀರಕ ಗ್ರಂಥಿಯ ನಾಳವೂ ಸಾಮಾನ್ಯವಾಗಿ ಅದೇ ಬಾಯಿಯಲ್ಲಿ ತೆರೆದುಕೊಳ್ಳುತ್ತದೆ.

ಈ ದಾರಿಗೆ ಅಡ್ಡಬರುವ ಸಾಮಾನ್ಯ ಕಾರಣವೆಂದರೆ ಕಲ್ಲು. ಪಿತ್ತಕೋಶದಲ್ಲಿ ಕಲ್ಲಿರುವ ನೂರು ಮಂದಿಯಲ್ಲಿ ಸುಮಾರು 10ರಿಂದ 20 ಮಂದಿಯ ನಾಳದಲ್ಲಿಯೂ ಕಲ್ಲು ಕಂಡುಬರುತ್ತದೆ. ಮೇದೋಜ್ಜೀರಕ ಗ್ರಂಥಿ, ಪಿತ್ತಕೋಶ ಅಥವಾ ಪಿತ್ತನಾಳದ ಕ್ಯಾನ್ಸರ್ ಗೆಡ್ಡೆ ನಾಳವನ್ನು ಒತ್ತಬಹುದು. ಹಿಂದಿನ ಶಸ್ತ್ರಚಿಕಿತ್ಸೆಯಿಂದ ನಾಳ ಕಿರಿದಾಗಿರಬಹುದು. ಅಪರೂಪಕ್ಕೆ ಜಂತುಹುಳು ನಾಳದೊಳಗೆ ನುಗ್ಗುವುದೂ ಉಂಟು.

ಲಕ್ಷಣಗಳನ್ನು ಗಮನಿಸಿ

ಕಣ್ಣು, ಚರ್ಮ ಹಳದಿಯಾಗುವುದು ಎಲ್ಲ ಬಗೆಯ ಕಾಮಾಲೆಗೂ ಸಾಮಾನ್ಯ. ಮೂತ್ರ ಚಹಾದ ಬಣ್ಣಕ್ಕೆ ತಿರುಗಿ, ಮಲ ಮಾತ್ರ ಜೇಡಿಮಣ್ಣಿನಂತೆ ಬಿಳಿಚಿಕೊಂಡು, ಮೈಯೆಲ್ಲ ತುರಿಕೆ ಶುರುವಾದರೆ ನಾಳ ಕಟ್ಟಿರುವ ಸಂಶಯ ಬಲವಾಗುತ್ತದೆ. ಕಲ್ಲಿದ್ದಾಗ ಸಾಮಾನ್ಯವಾಗಿ ಹೊಟ್ಟೆಯ ಬಲ ಮೇಲ್ಭಾಗದಲ್ಲಿ ನೋವಿರುತ್ತದೆ. ವಯಸ್ಸಾದವರಲ್ಲಿ ನೋವೇ ಇಲ್ಲದೆ ಕಾಮಾಲೆ ಏರುತ್ತಾ, ತೂಕ ಇಳಿಯುತ್ತಿದ್ದರೆ ಗೆಡ್ಡೆಯ ಶಂಕೆಯಿಂದ ತಪಾಸಣೆ ನಡೆಸಬೇಕಾಗುತ್ತದೆ.

ಚಳಿ-ನಡುಕದ ಜ್ವರ, ಹೊಟ್ಟೆನೋವು ಮತ್ತು ಕಾಮಾಲೆ - ಇವು ಮೂರೂ ಒಟ್ಟಿಗೆ ಬಂದರೆ ಅದು ತುರ್ತು ಸ್ಥಿತಿ. ಫ್ರಾನ್ಸಿನ ವೈದ್ಯ ಶಾರ್ಕೋ 1877ರಲ್ಲಿಯೇ ಈ ತ್ರಿಲಕ್ಷಣಗಳನ್ನು ವಿವರಿಸಿದ್ದ. ನಿಂತ ಪಿತ್ತರಸದಲ್ಲಿ ಸೋಂಕು ಬೆಳೆದು ರಕ್ತಕ್ಕೆ ಸೇರುತ್ತಿದೆ ಎಂಬುದು ಇದರ ಅರ್ಥ. ರಕ್ತದೊತ್ತಡ ಕುಸಿದು, ರೋಗಿಗೆ ಮಂಪರು ಕವಿದರೆ ಗಂಟೆಗಳ ಲೆಕ್ಕವೂ ಮುಖ್ಯವಾಗುತ್ತದೆ. ಆಂಟಿಬಯಾಟಿಕ್ ಔಷಧವೊಂದೇ ಸಾಲದು, ಕಟ್ಟಿದ ರಸವನ್ನು ಹೊರಬಿಡಲೇಬೇಕು.

ಬಿಲಿರುಬಿನ್ ಸೇರಿದಂತೆ ಯಕೃತ್ತಿನ ರಕ್ತಪರೀಕ್ಷೆ ಮತ್ತು ಹೊಟ್ಟೆಯ ಅಲ್ಟ್ರಾಸೌಂಡ್ ಸ್ಕ್ಯಾನ್ ಮೊದಲ ಹೆಜ್ಜೆ. ನಾಳ ಹಿಗ್ಗಿರುವುದು ಕಂಡರೆ ಎಂಆರ್‌ಸಿಪಿ ಎಂಬ ಎಂಆರ್‌ಐ ಸ್ಕ್ಯಾನ್ ಅಥವಾ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ಮೂಲಕ ತಡೆ ಎಲ್ಲಿದೆ, ಏನಿದೆ ಎಂಬುದನ್ನು ಖಚಿತಪಡಿಸಿಕೊಳ್ಳಲಾಗುತ್ತದೆ.

ಬಾಯಿಯ ಮೂಲಕ ಚಿಕಿತ್ಸೆ

ಹಿಂದೆ ನಾಳದ ಕಲ್ಲಿಗೆ ಹೊಟ್ಟೆ ಕೊಯ್ಯುವುದೇ ದಾರಿಯಾಗಿತ್ತು. 1968ರಲ್ಲಿ ಅಮೆರಿಕದ ವಿಲಿಯಂ ಮೆಕ್ಯೂನ್ ಮತ್ತು ಸಂಗಡಿಗರು ಎಂಡೋಸ್ಕೋಪ್ ಮೂಲಕ ನಾಳದ ಬಾಯಿಗೆ ಕೊಳವೆ ತೂರಿಸಿದ್ದನ್ನು ವರದಿ ಮಾಡಿದರು. ಜಪಾನಿನ ವೈದ್ಯರು ಈ ತಂತ್ರವನ್ನು ಪಳಗಿಸಿದರು. 1974ರಲ್ಲಿ ಜಪಾನಿನ ಕವಾಯಿ ತಂಡ ಹಾಗೂ ಜರ್ಮನಿಯ ಕ್ಲಾಸೆನ್ ಮತ್ತು ಡೆಮ್ಲಿಂಗ್ ಪ್ರತ್ಯೇಕವಾಗಿ ನಾಳದ ಬಾಯಿಯನ್ನು ಒಳಗಿನಿಂದಲೇ ಕತ್ತರಿಸಿ ಕಲ್ಲು ತೆಗೆಯುವ ವಿಧಾನವನ್ನು ಪ್ರಕಟಿಸಿದರು. ಇದೇ ಇಂದಿನ ಇಆರ್‌ಸಿಪಿ ಚಿಕಿತ್ಸೆಯ ತಳಹದಿ. ಭಾರತದಲ್ಲಿ ಈ ಕ್ಷೇತ್ರದ ಪ್ರಮುಖ ಹೆಸರು ಹೈದರಾಬಾದಿನ ಡಾ. ಡಿ. ನಾಗೇಶ್ವರ ರೆಡ್ಡಿ. ಅವರಿಗೆ 2025ರಲ್ಲಿ ಪದ್ಮವಿಭೂಷಣ ಸಂದಿದೆ.

ರೋಗಿ ಆರೆಂಟು ಗಂಟೆ ಉಪವಾಸವಿರಬೇಕು. ರಕ್ತ ತೆಳುವಾಗಿಸುವ ಮಾತ್ರೆ, ಮಧುಮೇಹದ ಔಷಧ, ಅಲರ್ಜಿ ಹಾಗೂ ಗರ್ಭಧಾರಣೆಯ ವಿಚಾರವನ್ನು ಮೊದಲೇ ತಿಳಿಸಬೇಕು. ಪಿತ್ತರಸ ಕರುಳಿಗೆ ಬಾರದಿದ್ದರೆ ವಿಟಮಿನ್ ಕೆ ಹೀರಿಕೆ ಕುಗ್ಗಿ ರಕ್ತ ಹೆಪ್ಪುಗಟ್ಟುವುದು ನಿಧಾನವಾಗುತ್ತದೆ. ಆದ್ದರಿಂದ ಆ ಪರೀಕ್ಷೆಯೂ ಅಗತ್ಯ.

ಅರಿವಳಿಕೆ ಕೊಟ್ಟ ಬಳಿಕ, ಪಕ್ಕಕ್ಕೆ ನೋಡುವ ಕ್ಯಾಮೆರಾ ಉಳ್ಳ ಬಾಗುವ ಕೊಳವೆಯನ್ನು ಬಾಯಿಯಿಂದ ಜಠರ ದಾಟಿಸಿ ಸಣ್ಣ ಕರುಳಿಗೆ ಇಳಿಸಲಾಗುತ್ತದೆ. ನಾಳದ ಬಾಯಿಗೆ ತೆಳು ತಂತಿ ತೂರಿಸಿ, ಬಣ್ಣದ್ರವ ಬಿಟ್ಟು, ಎಕ್ಸ್-ರೇ ಪರದೆಯ ಮೇಲೆ ತಡೆಯನ್ನು ನೋಡಲಾಗುತ್ತದೆ. ಬಾಯಿಯನ್ನು ತುಸು ಕತ್ತರಿಸಿ ಅಗಲಿಸಿ, ಬಲೂನ್ ಅಥವಾ ತಂತಿಬುಟ್ಟಿಯಿಂದ ಕಲ್ಲನ್ನು ಕರುಳಿಗೆ ಎಳೆದು ಬಿಡಲಾಗುತ್ತದೆ. ದೊಡ್ಡ ಕಲ್ಲಾದರೆ ಪುಡಿಮಾಡುವ ಸಾಧನಗಳಿವೆ. ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಒಂದು ಗಂಟೆಯ ಕೆಲಸ. ಕ್ಲಿಷ್ಟವಾದರೆ ಇನ್ನೂ ಹೆಚ್ಚು.

ಕೊಳವೆಯಿಂದ ದಾರಿ ಸಿಗದಿದ್ದರೆ, ಚರ್ಮದ ಮೂಲಕ ಯಕೃತ್ತಿನೊಳಗಿನ ನಾಳಕ್ಕೆ ಸೂಜಿ ಹಾಕಿ ರಸವನ್ನು ಹೊರಬಿಡುವ ಕ್ರಮವೂ ಇದೆ.

ಮರೆಯಬಾರದ ಸ್ಟೆಂಟ್

ಕಲ್ಲು ಪೂರ್ತಿ ಬಾರದಿದ್ದರೆ, ಸೋಂಕು ತೀವ್ರವಾಗಿದ್ದರೆ ಅಥವಾ ಗೆಡ್ಡೆಯಿದ್ದರೆ ನಾಳದಲ್ಲಿ ಸ್ಟೆಂಟ್ ಇಡಲಾಗುತ್ತದೆ. ಪ್ಲಾಸ್ಟಿಕ್ ಸ್ಟೆಂಟ್ ಸಾಮಾನ್ಯವಾಗಿ 3 ಮಿಲಿಮೀಟರ್ ಆಸುಪಾಸಿನದು. ಲೋಹದ ಸ್ಟೆಂಟ್ ಬಿಚ್ಚಿಕೊಂಡು 10 ಮಿಲಿಮೀಟರ್‌ವರೆಗೆ ಹಿಗ್ಗುತ್ತದೆ, ಹೆಚ್ಚು ಕಾಲ ತೆರೆದಿರುತ್ತದೆ. ಕ್ಯಾನ್ಸರ್ ರೋಗಿಗಳಿಗೆ ಸಾಮಾನ್ಯವಾಗಿ ಇದನ್ನೇ ಬಳಸಲಾಗುತ್ತದೆ. ಸ್ಟೆಂಟ್ ಕಾಮಾಲೆಯನ್ನು ಇಳಿಸುತ್ತದೆಯೇ ಹೊರತು ಕ್ಯಾನ್ಸರನ್ನಲ್ಲ.

ಪ್ಲಾಸ್ಟಿಕ್ ಸ್ಟೆಂಟ್ ಸುಮಾರು ಮೂರು ತಿಂಗಳಲ್ಲಿ ಕಟ್ಟಿಕೊಳ್ಳತೊಡಗುತ್ತದೆ. ಅಷ್ಟರೊಳಗೆ ತೆಗೆಸಬೇಕು ಇಲ್ಲವೇ ಬದಲಿಸಬೇಕು. ಕಾಮಾಲೆ ಇಳಿದು, ಹಸಿವು ಮರಳಿ, ಊರಿಗೆ ಹೋದ ಮೇಲೆ ಇದು ಮರೆತುಹೋಗುವ ಅಪಾಯವಿದೆ. ಮರೆತ ಸ್ಟೆಂಟ್ ಮುಚ್ಚಿಹೋಗಿ, ಅದರ ಸುತ್ತ ಹೊಸ ಕಲ್ಲು ಕಟ್ಟಿ, ರೋಗಿ ಮತ್ತೆ ನಡುಕದ ಜ್ವರದೊಂದಿಗೆ ಆಸ್ಪತ್ರೆ ಸೇರಬೇಕಾಗಬಹುದು. ಬಿಡುಗಡೆ ಪತ್ರದಲ್ಲಿ ಸ್ಟೆಂಟ್ ಇದೆಯೇ, ಯಾವ ಬಗೆಯದು, ತೆಗೆಸುವ ದಿನಾಂಕ ಯಾವುದು ಎಂಬುದನ್ನು ಕೇಳಿ ಬರೆಸಿಕೊಳ್ಳಿ. ಪಿತ್ತಕೋಶದಲ್ಲಿ ಕಲ್ಲು ಉಳಿದಿದ್ದರೆ ಅದನ್ನು ಲ್ಯಾಪರೋಸ್ಕೋಪಿ ಮೂಲಕ ತೆಗೆಸುವ ಬಗ್ಗೆಯೂ ವಿಚಾರಿಸಿ. ಇಲ್ಲದಿದ್ದರೆ ತೊಂದರೆ ಮರುಕಳಿಸಬಹುದು.

ಅಪಾಯಗಳಿಲ್ಲವೆ?

ಇವೆ. ನೂರರಲ್ಲಿ 3ರಿಂದ 10 ಮಂದಿಗೆ ಮೇದೋಜ್ಜೀರಕ ಗ್ರಂಥಿಯ ಉರಿಯೂತ ಬರಬಹುದು. ಬಹುತೇಕ ಪ್ರಕರಣಗಳು ಸೌಮ್ಯ, ಕೆಲವು ಗಂಭೀರ. ಗುದದ್ವಾರದ ಮೂಲಕ ಇಂಡೋಮೆಥಾಸಿನ್ ಔಷಧ ಕೊಟ್ಟರೆ ಈ ಅಪಾಯ ತಗ್ಗುತ್ತದೆಂದು 2012ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ರಕ್ತಸ್ರಾವ, ಸೋಂಕು, ಅಪರೂಪಕ್ಕೆ ಕರುಳು ತೂತಾಗುವ ಸಂಭವವೂ ಉಂಟು. ಆದ್ದರಿಂದಲೇ ಇಂದು ಬರೀ ತಪಾಸಣೆಗಾಗಿ ಇಆರ್‌ಸಿಪಿ ಮಾಡುವುದಿಲ್ಲ. ಚಿಕಿತ್ಸೆಯ ನಂತರ ತೀವ್ರ ಹೊಟ್ಟೆನೋವು, ಜ್ವರ ಅಥವಾ ಕಪ್ಪು ಮಲ ಕಂಡರೆ ತಕ್ಷಣ ಆಸ್ಪತ್ರೆಗೆ ಮರಳಬೇಕು.

ಖರ್ಚಿನ ಮಾತು

ನಗರದ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಜಠರ-ಕರುಳು ರೋಗಗಳಿಗೆಂದೇ ಸರ್ಕಾರಿ ಸಂಸ್ಥೆಯಿದೆ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಹಾಗೂ ಉಳಿದವರಿಗೆ ಪ್ಯಾಕೇಜ್ ದರದ ಶೇ. 30ರಷ್ಟು, ಗರಿಷ್ಠ 1.5 ಲಕ್ಷ ರೂಪಾಯಿವರೆಗೆ ನೆರವು ನಿಗದಿಯಾಗಿದೆ. ತುರ್ತಲ್ಲದ ಸಂದರ್ಭದಲ್ಲಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗುತ್ತದೆ. ದಾಖಲಾಗುವ ಮುನ್ನ ಆಸ್ಪತ್ರೆಯ ಆರೋಗ್ಯಮಿತ್ರರನ್ನು ವಿಚಾರಿಸುವುದು ಒಳಿತು.

ಪಥ್ಯ ಮಾಡುವವರು ಮಾಡಲಿ. ಆದರೆ ಅದಕ್ಕೆ ಮುನ್ನ ಒಂದು ರಕ್ತಪರೀಕ್ಷೆ, ಒಂದು ಸ್ಕ್ಯಾನ್ ಆಗಲಿ. ನಾಳ ಕಟ್ಟಿದೆಯೋ ಇಲ್ಲವೋ ಎಂಬುದನ್ನು ಬಹುಮಟ್ಟಿಗೆ ತಿಳಿಯಲು ಅಷ್ಟು ಸಾಕು.